ತಲೆ ಇಲ್ಲದ ಕುರಿಗಳು

“ಮೊಳೆ ಹೊಡೆಯೋ ಹಾಗಿಲ್ಲ. ಗಮ್ ಹಚ್ಚೋ ಹಾಗಿಲ್ಲ. ಟೇಪ್ ಅಂತೂ ಅಂಟಿಸಲೇಬಾರದು!”

ಹೆಡ್‌ಮಾಸ್ಟರ್ ಚನ್ನಬಸವಯ್ಯ ಸಾರ್ ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಚಿದರು. ಅವರ ಹಿಂದೆ ಶಾಲೆಯ ಗೋಡೆ ಹೊಸ ಬಣ್ಣ ಬಳಿದುಕೊಂಡು ಮದುವೆ ಮನೆಯ ಹಾಗೆ ಕಾಣುತ್ತಿತ್ತು. ಮೇಲೆ ಕೆನೆ ಬಣ್ಣ, ಕೆಳಗೆ ನೀಲಿ. ಪೇಂಟ್ ಆದಾಗಿನಿಂದ ಸಾರ್ ಬೆಳಿಗ್ಗೆ ಬಂದವರೇ ಮೊದಲು ಗೋಡೆ ನೋಡುತ್ತಿದ್ದರು. ಮಕ್ಕಳನ್ನು ನೋಡುತ್ತಿದ್ದದ್ದು ಆಮೇಲೆ.

“ಹಾಗಾದ್ರೆ ಚಿತ್ರಗಳನ್ನ ಎಲ್ಲಿ ಹಾಕೋದು ಸಾರ್?” ಎಂದು ತ್ರಿವೇಣಿ ಮೇಡಂ ಕೇಳಿದರು. ಐದನೇ ಕ್ಲಾಸಿನ ಟೀಚರ್ ಅವರೇ. ಶನಿವಾರ ಚಿತ್ರ ಪ್ರದರ್ಶನ ಮಾಡೋಣ, ಊರಿನವರನ್ನೆಲ್ಲ ಕರೆಯೋಣ ಎಂದವರೂ ಅವರೇ.

“ಬೆಂಚಿನ ಮೇಲೆ ಇಡಿ.”

“ಗಾಳಿಗೆ ಹಾರ್ಕೊಂಡು ಹೋಗ್ತವೆ ಸಾರ್.”

“ಒಂದೊಂದರ ಮೇಲೂ ಒಂದೊಂದು ಕಲ್ಲು ಇಡಿ.”

ಕ್ಲಾಸಿನಲ್ಲಿ ಕಿಸಕಿಸ ನಗು ಎದ್ದಿತು. ಬಂದವರು ಚಿತ್ರ ನೋಡಬೇಕೋ, ಕಲ್ಲು ನೋಡಬೇಕೋ! ಮೇಡಂ ಕೂಡ ತುಟಿ ಕಚ್ಚಿ ನಗು ತಡೆದುಕೊಂಡರು.

ಆಗ ಎರಡನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಶಿವಲಕ್ಷ್ಮಿಯದು. ಅವಳ ಕೈ ಮೇಲೆದ್ದರೆ ಬಾಯಿ ಕಾಯುವುದಿಲ್ಲ.

“ಮೇಡಂ, ನಮ್ಮನೆ ಚಂದ್ರಿಕೆ ತರ್ಲಾ?”

ಚಂದ್ರಿಕೆ ಅಂದರೆ ರೇಷ್ಮೆ ಹುಳ ಗೂಡು ಕಟ್ಟುವುದಕ್ಕೆಂದು ಮಾಡಿದ ಬಿದಿರಿನ ದೊಡ್ಡ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಜಿಲೇಬಿಯ ಹಾಗೆ ಸುತ್ತಿ ಸುತ್ತಿ ಕಟ್ಟಿರುತ್ತಾರೆ. ಶಿವಲಕ್ಷ್ಮಿಯ ಮನೆಯಲ್ಲಿ ಹಿಪ್ಪುನೇರಳೆ ತೋಟವಿತ್ತು, ಹುಳದ ಮನೆಯಿತ್ತು. ಹುಳ ಗೂಡು ಕಟ್ಟುವ ಹೊತ್ತು ಬರುವವರೆಗೆ ಚಂದ್ರಿಕೆಗಳು ಹಿತ್ತಲಲ್ಲಿ ಸುಮ್ಮನೆ ನಿಂತಿರುತ್ತಿದ್ದವು.

“ನಿಲ್ಲಿಸಿಟ್ರೆ ಬೋರ್ಡ್ ಇದ್ದಂಗೆ ಇರುತ್ತೆ ಮೇಡಂ. ಸುರುಳಿ ಒಳಗೆ ಪೇಪರ್ ಸಿಗಿಸಿದ್ರೆ ಸಾಕು. ಮೊಳೆನೂ ಬ್ಯಾಡ, ಗಮ್ಮೂ ಬ್ಯಾಡ.”

ತ್ರಿವೇಣಿ ಮೇಡಂ ಮುಖ ಅರಳಿತು. “ಸೂಪರ್ ಶಿವಲಕ್ಷ್ಮಿ! ಮನೇಲಿ ಒಪ್ತಾರಾ?”

“ನಮ್ಮಪ್ಪ ನಾನು ಕೇಳಿದ್ರೆ ಇಲ್ಲ ಅನ್ನಲ್ಲ.”

“ಗೋಡೆಗೆ ಒರಗಿಸಬೇಡಿ, ಕಂಬಕ್ಕೆ ಒರಗಿಸಿ,” ಎಂದು ಹೆಡ್‌ಮಾಸ್ಟರ್ ಹೊರಟರು.

ಅಂದು ಮಧ್ಯಾಹ್ನ ಮೇಡಂ ಇನ್ನೊಂದು ಕೆಲಸವನ್ನೂ ಅವಳಿಗೇ ವಹಿಸಿದರು. ಯಾವ ಚಿತ್ರ ಎಲ್ಲಿ ಬರಬೇಕು ಎಂದು ಪ್ಲಾನ್ ಮಾಡುವ ಕೆಲಸ. ಕ್ಲಾಸಿನ ನೆಲದ ತುಂಬ ಚಿತ್ರಗಳನ್ನು ಹರಡಿಕೊಂಡು ಶಿವಲಕ್ಷ್ಮಿ ನಡುವೆ ನಿಂತಳು. ಅವಳ ಪಕ್ಕದಲ್ಲಿ ಗೆಳತಿ ಸಂಧ್ಯಾ ನಿಂತು ಎಲ್ಲದಕ್ಕೂ ಹ್ಞೂಂ ಅನ್ನುತ್ತಿದ್ದಳು.

ಎಲ್ಲರಿಗೂ ಎದುರಿಗೆ, ನಟ್ಟ ನಡುವೆ, ಶಿವಲಕ್ಷ್ಮಿಯ ನವಿಲು. ಅದರಲ್ಲಿ ಎರಡನೇ ಮಾತೇ ಇರಲಿಲ್ಲ. ಗರಿಗರಿಗೂ ಮಿನುಗುವ ಜಿಗಿ ಪುಡಿ ಅಂಟಿಸಿದ್ದಳು. ಬಿಸಿಲು ಬಿದ್ದರೆ ಮಿಂಚುತ್ತಿತ್ತು. ಕಾಲು ಬರೆಯಲು ಹೋಗಿ ಎರಡು ಸಲ ಕೆಟ್ಟಿತ್ತು. ಅದಕ್ಕೇ ಅಲ್ಲಿ ಉದ್ದುದ್ದ ಹುಲ್ಲು ಬರೆದು ಮುಚ್ಚಿಬಿಟ್ಟಿದ್ದಳು. ಅದು ಯಾರಿಗೂ ಗೊತ್ತಾಗಿರಲಿಲ್ಲ.

ನವಿಲಿನ ಪಕ್ಕ ಸಂಧ್ಯಾಳ ಗುಲಾಬಿ. ಇನ್ನೊಂದು ಪಕ್ಕ ಬಸ್ಸು. ಹೀಗೆ ಜಾಗ ಹಂಚುತ್ತಾ ಬಂದವಳು ಒಂದು ಚಿತ್ರ ಎತ್ತಿಕೊಂಡು ಗಕ್ಕನೆ ನಿಂತಳು. ಬಣ್ಣವೇ ಇಲ್ಲ. ಬರೀ ಪೆನ್ಸಿಲ್. ಹಾಳೆಯ ತುಂಬ ಕಾಲುಗಳು. ಕುರಿಗಳ ಕಾಲು, ಕಾಲು, ಕಾಲು. ಸ್ವಲ್ಪ ಹೊಟ್ಟೆ. ಅಷ್ಟೇ! ಒಂದು ಮೂಲೆಯಲ್ಲಿ ಒಂದು ಕೋಲಿನ ತುದಿ.

“ಇದ್ಯಾರದು? ಕುರಿಗೆ ತಲೇನೇ ಇಲ್ಲ!”

“ನಂದು,” ಎಂದ ಯುವರಾಜ. ಅವನು ಕಿಟಕಿಯ ಹತ್ತಿರ ನಿಂತಿದ್ದ. ಅವನ ಮನೆಯಲ್ಲಿ ಕುರಿ ಸಾಕಿದ್ದರು. ಮಾತು ಕಮ್ಮಿ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದೇ ಹೆಚ್ಚು.

“ತಲೆ ಎಲ್ಲೋ?”

“ಮೇಲೈತೆ.”

“ಮೇಲೆಲ್ಲಿ? ಪೇಪರ್ರೇ ಮುಗಿದೋಯ್ತಲ್ಲೋ!”

ಎಲ್ಲರೂ ಹೋ ಎಂದು ನಕ್ಕರು. ಸಂಧ್ಯಾ ನಕ್ಕೂ ನಕ್ಕೂ ಕೆಮ್ಮಿದಳು. ಯುವರಾಜ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ತನ್ನ ಚಿತ್ರವನ್ನೇ ನೋಡುತ್ತಾ ನಿಂತ.

ಶಿವಲಕ್ಷ್ಮಿ ಆ ಹಾಳೆಯನ್ನು ಕೊನೆಯ ಸಾಲಿಗೆ ತಳ್ಳಿದಳು. ವರಾಂಡದ ನೀರಿನ ಡ್ರಮ್ ಪಕ್ಕ ಬರುವ ಮೂಲೆಗೆ.

“ಶಿವೀ,” ಎಂದ ಯುವರಾಜ ಮೆಲ್ಲಗೆ. “ಅದು ಕೆಳಗಡೆ ಬರುತ್ತಾ?”

“ಹ್ಞೂಂ. ಮೂಲೇಲಿ. ಕೆಳಗಡೆ.”

“ಕೆಳಗಡೆ ಆದ್ರೆ ಸಾಕು,” ಎಂದವನು ಸಮಾಧಾನವಾಗಿ ಹೋಗಿ ಕೂತ. ಇವನೆಂಥ ಹುಡುಗ ಅನ್ನಿಸಿತು ಅವಳಿಗೆ.

ಆ ಸಂಜೆ ಶಿವಲಕ್ಷ್ಮಿಯ ಅಪ್ಪ ಲಕ್ಷ್ಮೀನರಸಪ್ಪ ಇಲ್ಲ ಅನ್ನಲಿಲ್ಲ. “ಹುಳ ಹಣ್ಣಾಗಿ ಗೂಡು ಕಟ್ಟೋದು ಇನ್ನೂ ಭಾನುವಾರದ ಮೇಲೆ ಕಣಮ್ಮ. ಶುಕ್ರವಾರ ತಗೊಂಡೋಗು, ಶನಿವಾರ ಸಂಜೆಗೆ ತಂದ್ಬಿಡು,” ಎಂದರು. ಟ್ರಾಕ್ಟರಿನ ಯರ್ರಪ್ಪನಿಗೆ ಹೇಳಿ ಶಾಲೆಯವರೆಗೆ ಸಾಗಿಸಿಕೊಡುತ್ತೇನೆ ಎಂದೂ ಹೇಳಿದರು. ಶಿವಲಕ್ಷ್ಮಿ ಮಾರನೆಯ ದಿನ ಶಾಲೆಗೆ ಹೋಗಿ ಅದನ್ನು ಕಂಡಕಂಡವರಿಗೆಲ್ಲ ಸಾರಿದಳು. ಒಂದನೇ ಕ್ಲಾಸಿನವರನ್ನೂ ಬಿಡಲಿಲ್ಲ.

ಆದರೆ ಆ ವಾರ ಬಿಸಿಲು ಹೆಚ್ಚಾಯಿತು.

ಶುಕ್ರವಾರ ಬೆಳಿಗ್ಗೆ ಅವಳು ಜಡೆ ಹಾಕಿಕೊಂಡು ಹಿತ್ತಲಿಗೆ ಓಡಿದಳು. ಚಂದ್ರಿಕೆಗಳು ಅಲ್ಲಿರಲಿಲ್ಲ. ಹುಳದ ಮನೆಯ ಮುಂದೆ, ಚಪ್ಪರದ ನೆರಳಿನಲ್ಲಿ ಸಾಲಾಗಿ ನಿಂತಿದ್ದವು. ಅಪ್ಪ ಒಳಗಿನಿಂದ ಬುಟ್ಟಿ ಹಿಡಿದು ಬಂದರು. ಬುಟ್ಟಿಯ ತುಂಬ ಹುಳ. ನಿನ್ನೆವರೆಗೆ ಬೆಳ್ಳಗಿದ್ದ ಹುಳಗಳು ಇಂದು ಜೇನಿನ ಬಣ್ಣಕ್ಕೆ ತಿರುಗಿದ್ದವು.

ಅವಳು ಅಪ್ಪನ ದಾರಿಗೆ ಅಡ್ಡ ನಿಂತಳು.

“ಅಪ್ಪಾ! ಭಾನುವಾರ ಅಂದಿದ್ಯಲ್ಲಾ!”

“ಅಂದಿದ್ದೆ ಕಣಮ್ಮ. ಬಿಸ್ಲಿಗೆ ಬೇಗ ಹಣ್ಣಾಗವೆ. ಏನ್ ಮಾಡ್ಲಿ?”

“ನಾನು ಮೇಡಂಗೆ ಮಾತು ಕೊಟ್ಟಿದ್ದೀನಿ! ನಾಳೆನೇ ಪ್ರದರ್ಶನ!”

“ಹುಳಕ್ಕೆ ಶುಕ್ರವಾರ ಶನಿವಾರ ಗೊತ್ತಾಗುತ್ತಾ ಕೂಸೇ?” ಎಂದರು ಅಜ್ಜಿ ಚಿತ್ತಮ್ಮ, ಒಳಗಿನಿಂದಲೇ. “ಬಾ, ಕೈ ತೊಳ್ಕೊಂಡು ಬಾ. ಇವತ್ತು ಸ್ಕೂಲ್ ಬ್ಯಾಡ.”

ಹಣ್ಣಾದ ಹುಳ ಕಾಯುವುದಿಲ್ಲ. ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಡ್ಡಿಯ ಮಧ್ಯೆಯೇ ಕಟ್ಟಿಬಿಡುತ್ತದೆ. ಆ ಗೂಡಿಗೆ ಕಸ ಅಂಟಿ ಕೆಡುತ್ತದೆ. ಇಷ್ಟು ದಿನ ಸೊಪ್ಪು ಕೊಯ್ದದ್ದು, ಹಾಕಿದ್ದು ಎಲ್ಲ ಮಣ್ಣುಪಾಲು. ಹಾಗಾಗಿ ಹುಳ ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಬೇರೆ ಕೆಲಸವಿಲ್ಲ.

ಶಿವಲಕ್ಷ್ಮಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಅಳು ಬಂತು. ಮುಖ ಊದಿಸಿಕೊಂಡು ಒಳಗೆ ಹೋಗಿ ಅಮ್ಮನ ಪಕ್ಕ ಕೂತು ಹುಳ ಆಯತೊಡಗಿದಳು. ತಣ್ಣಗೆ, ಮೆತ್ತಗೆ ಬೆರಳಿಗೆ ತಾಗುವ ಹುಳ. ಬೇರೆ ದಿನವಾದರೆ ಅವಳಿಗೆ ಈ ಕೆಲಸ ಇಷ್ಟ. ಇಂದು ಒಂದೊಂದು ಹುಳ ಎತ್ತಿದಾಗಲೂ ಬೆಂಚಿನ ಮೇಲಿನ ಚಿತ್ರಗಳು, ಅವುಗಳ ಮೇಲಿನ ಕಲ್ಲುಗಳೇ ಕಣ್ಣ ಮುಂದೆ ಬರುತ್ತಿದ್ದವು. ಊರಿನವರೆಲ್ಲ ಬಂದು ಕಲ್ಲು ನೋಡಿಕೊಂಡು ಹೋಗುತ್ತಾರೆ. ಸಂಧ್ಯಾಳ ಗುಲಾಬಿಯ ಮೇಲೂ ಕಲ್ಲು. ನವಿಲಿನ ಮೇಲೂ ಕಲ್ಲು. ನಾನೇ ಅಲ್ಲವಾ ಕೈ ಎತ್ತಿದ್ದು?

ಮಧ್ಯಾಹ್ನ ದಾಟಿತು. ಎಷ್ಟು ಆಯ್ದರೂ ಹುಳ ಮುಗಿಯಲಿಲ್ಲ. ಎಲ್ಲ ಒಟ್ಟಿಗೇ ಹಣ್ಣಾಗಿದ್ದವು. ಅಮ್ಮ ಬೆಳಿಗ್ಗೆಯಿಂದ ಸೊಂಟ ನೆಟ್ಟಗೆ ಮಾಡಿರಲಿಲ್ಲ. ಅಪ್ಪ ಬಾಗಿಲ ಹತ್ತಿರ ನಿಂತು ಇನ್ನೂ ಹುಳ ಉಳಿದಿದ್ದ ಸ್ಟ್ಯಾಂಡುಗಳನ್ನು ನೋಡಿದರು. “ಇವತ್ತು ಆಗೋ ಹಾಗೆ ಕಾಣಲ್ಲ. ಅರ್ಧ ಕೆಟ್ಟೋಗ್ತವೆ,” ಎಂದರು. ಅಪ್ಪನ ದನಿ ಹಾಗೆ ಸಣ್ಣಗಾದದ್ದನ್ನು ಶಿವಲಕ್ಷ್ಮಿ ಕೇಳಿರಲಿಲ್ಲ. ಅವಳಿಗೆ ತನ್ನ ಸಿಟ್ಟಿನ ಬಗ್ಗೆ ನಾಚಿಕೆಯಾಯಿತು.

ಆಗ ಹೊರಗೆ ಸದ್ದಾಯಿತು. ತುಂಬ ಕಾಲುಗಳ ಸದ್ದು.

ಅವಳು ಬಾಗಿಲ ಪರದೆ ಸರಿಸಿ ಇಣುಕಿದಳು. ತ್ರಿವೇಣಿ ಮೇಡಂ! ಹಿಂದೆ ಸಂಧ್ಯಾ, ಯುವರಾಜ, ಅರ್ಧ ಕ್ಲಾಸು! ಶಾಲೆ ಬಿಟ್ಟ ಮೇಲೆ ಚಂದ್ರಿಕೆ ಕೇಳುವುದಕ್ಕೇ ಬಂದಿದ್ದಾರೆ. ಶಿವಲಕ್ಷ್ಮಿ ಓಡಿಹೋಗಿ ಸೊಪ್ಪಿನ ಹೊರೆಯ ಹಿಂದೆ ಬಚ್ಚಿಟ್ಟುಕೊಂಡಳು.

“ಶಿವಲಕ್ಷ್ಮಿ ಸ್ಕೂಲಿಗೆ ಬರ್ಲಿಲ್ಲ...” ಎಂದು ಮೇಡಂ ಶುರುಮಾಡಿದರು. ಚಪ್ಪರದ ಕೆಳಗಿನ ಚಂದ್ರಿಕೆಗಳನ್ನು ಕಂಡು ಮಾತು ನಿಲ್ಲಿಸಿದರು. ಒಂದೊಂದು ಸುರುಳಿಯಲ್ಲೂ ಹುಳ ತಲೆಯಾಡಿಸುತ್ತಾ ನೂಲು ಬಿಡುತ್ತಿತ್ತು.

ಅಪ್ಪ ಕೈ ಒರೆಸಿಕೊಂಡು ಎದುರು ಬಂದರು. “ತಪ್ಪಾಯ್ತು ಮೇಡಂನೋರೇ. ಮಗು ಮಾತು ಕೊಟ್ಟಿತ್ತು. ಹುಳ ಎರಡು ದಿನ ಮುಂಚೆ ಹಣ್ಣಾದ್ವು.”

ಮೇಡಂ ಏನು ಹೇಳುತ್ತಾರೋ ಎಂದು ಹೊರೆಯ ಹಿಂದೆ ಶಿವಲಕ್ಷ್ಮಿ ಉಸಿರು ಬಿಗಿ ಹಿಡಿದಳು. ಮೇಡಂಗಿಂತ ಮೊದಲು ಮಾತಾಡಿದ್ದು ಯುವರಾಜ.

“ಒಳಗೆ ಇನ್ನೂ ಅವಾ ಮಾವ?”

“ಅವೆ ಕಣಪ್ಪ. ಅರ್ಧ ಹಾಗೇ ಅವೆ.”

ಯುವರಾಜ ಮತ್ತೇನೂ ಕೇಳಲಿಲ್ಲ. ಬ್ಯಾಗು ಚಪ್ಪರದ ಕಂಬಕ್ಕೆ ನೇತುಹಾಕಿ, ಹುಳಕ್ಕೆ ಸೋಂಕು ತಾಗದಿರಲೆಂದು ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಒಳಗೆ ಬಂದ. ಅವನ ಹಿಂದೆ ಸಂಧ್ಯಾ. ಸಂಧ್ಯಾಳ ಹಿಂದೆ ಉಳಿದವರೆಲ್ಲ ಕಾಲು ತೊಳೆಯಲು ಸಾಲು ನಿಂತರು. ಸೊಪ್ಪಿನ ಹೊರೆ ದಾಟುವಾಗ ಯುವರಾಜ ಅತ್ತ ತಿರುಗದೆಯೇ, “ಏಳು ಶಿವೀ, ಬುಟ್ಟಿ ಕೊಡು,” ಎಂದ.

ತ್ರಿವೇಣಿ ಮೇಡಂ ಕೂಡ ಸೆರಗು ಸಿಕ್ಕಿಸಿಕೊಂಡು ಬಂದರು. ಚಿತ್ತಮ್ಮಜ್ಜಿ ಬಾಗಿಲಿಗೆ ಕೈ ಅಡ್ಡ ಹಿಡಿದರು.

“ಮೇಡಂನೋರೇ, ಬೇಜಾರ್ ಮಾಡ್ಕೋಬ್ಯಾಡಿ. ಮುಖಕ್ಕೆ ಪೌಡರ್ ಹಾಕಿದ್ರೆ ತೊಳ್ಕೊಂಡ್ಬಿಡಿ. ಹೂವೂ ತೆಗೆದಿಡಿ. ಹುಳಕ್ಕೆ ವಾಸನೆ ಆಗಲ್ಲ.”

ಮಕ್ಕಳಿಗೆ ಉಸಿರು ನಿಂತಿತು. ಮೇಡಂಗೆ ಹೀಗೆ ಹೇಳುವವರೂ ಇದ್ದಾರೆಯೇ! ಮೇಡಂ ಮಾತ್ರ ತಲೆಯ ಮಲ್ಲಿಗೆ ತೆಗೆದು, ತೊಟ್ಟಿಯ ನೀರಿನಲ್ಲಿ ಮುಖ ತೊಳೆದು, ಒಳ್ಳೆಯ ಹುಡುಗಿಯ ಹಾಗೆ ಕೈಕಟ್ಟಿ ನಿಂತರು. “ಈಗ ಬರಬಹುದಾ ಅಜ್ಜಿ?”

ಆದರೆ ಮೊದಲ ಹುಳ ಅಂಗೈ ಮೇಲೆ ಹರಿದಾಗ ಅವರು “ಅಯ್ಯಮ್ಮಾ!” ಎಂದು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ಎರಡನೆಯದಕ್ಕೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಸಂಧ್ಯಾಳಿಗಿಂತ ಬೇಗ ಆಯುತ್ತಿದ್ದರು.

ಎಲ್ಲರಿಗಿಂತ ಚೆನ್ನಾಗಿ ಆಯ್ದವನು ಯುವರಾಜ. ಅವನ ಬೆರಳಿಗೆ ಅವಸರವೇ ಇರಲಿಲ್ಲ. ಹಣ್ಣಾಗದ ಹುಳವನ್ನು ಮುಟ್ಟುತ್ತಲೇ ಇರಲಿಲ್ಲ. ಹೊಸದಾಗಿ ಹುಟ್ಟಿದ ಕುರಿಮರಿಗಳನ್ನು ಎತ್ತಿ ಎತ್ತಿ ಅಭ್ಯಾಸವಾದ ಕೈ ಅದು. ಶಿವಲಕ್ಷ್ಮಿ ಅವನ ಎದುರೇ ಕೂತಿದ್ದಳು. ನೀರಿನ ಡ್ರಮ್ ಪಕ್ಕದ ಆ ಮೂಲೆ ಅವಳಿಗೆ ಮತ್ತೆ ಮತ್ತೆ ನೆನಪಾಯಿತು. ಥ್ಯಾಂಕ್ಸ್ ಅನ್ನೋಣ ಎಂದುಕೊಂಡಳು. ಬಾಯಿಗೆ ಬರಲಿಲ್ಲ. ಶಾಲೆಯಲ್ಲಿ ಯಾರಾದರೂ ರಬ್ಬರ್ ಕೊಟ್ಟರೆ ಥ್ಯಾಂಕ್ಸ್ ಅನ್ನುತ್ತಾರೆ. ಇದಕ್ಕೂ ಅದೇ ಮಾತು ಸಾಕಾಗುತ್ತದೆಯೇ?

ಹೊತ್ತು ಮುಳುಗುವ ಮೊದಲೇ ಹುಳಗಳೆಲ್ಲ ಚಂದ್ರಿಕೆಗೆ ಏರಿದ್ದವು.

ಅಮ್ಮ ಕಡ್ಲೆಕಾಯಿ ಬೇಯಿಸಿ ದೊಡ್ಡ ತಟ್ಟೆಯಲ್ಲಿ ತಂದಿಟ್ಟರು. ಎಲ್ಲರೂ ಅಂಗಳದಲ್ಲಿ ಸುತ್ತ ಕೂತು ಸುಲಿದು ತಿಂದರು. ಅಪ್ಪ ಮಾತ್ರ ಕೂರಲಿಲ್ಲ. ಒಬ್ಬೊಬ್ಬರ ಮುಂದೆಯೂ ತಾವೇ ಹಿಡಿ ಹಿಡಿ ಹಾಕುತ್ತಾ ಬಂದರು. “ತಿನ್ನಿ, ತಿನ್ನಿ. ನೀವು ಬರದೇ ಇದ್ದಿದ್ರೆ ನಮ್ಮ ಕಷ್ಟ ದೇವ್ರಿಗೇ ಪ್ರೀತಿ. ನಿಮ್ಮನ್ನ ಮರಿಯೋ ಹಾಗಿಲ್ಲ,” ಎಂದರು. ಅಪ್ಪನ ಕಣ್ಣು ಒದ್ದೆಯಾಗಿತ್ತು.

“ಮೇಡಂ, ಚಂದ್ರಿಕೆ...” ಎಂದಳು ಶಿವಲಕ್ಷ್ಮಿ.

“ಅದು ಹೋಗ್ಲಿ ಬಿಡು. ಕಲ್ಲು ಇಟ್ಟರಾಯ್ತು,” ಎಂದರು ಮೇಡಂ, ಕಡ್ಲೆಕಾಯಿ ಸುಲಿಯುತ್ತಾ. ಅವರು ನಗುತ್ತಲೇ ಹೇಳಿದರೂ ಅವಳು ಕೈಯಲ್ಲಿದ್ದ ಕಡ್ಲೆಕಾಯಿಯನ್ನು ತಟ್ಟೆಗೇ ಹಾಕಿದಳು.

ಅಜ್ಜಿ ಕರೆದರು. “ಶಿವೀ, ಬಲೆ ಕೊಡವಬೇಕು. ಇಬ್ಬರು ಬನ್ನಿ.”

ಹುಳದ ಮನೆಯ ಸ್ಟ್ಯಾಂಡುಗಳಿಗೆ ಹಾಸಿದ್ದ ನೀಲಿ ನೈಲಾನ್ ಬಲೆಗಳು ಈಗ ಖಾಲಿಯಾಗಿದ್ದವು. ಒಂದು ಬಲೆಯ ಒಂದು ತುದಿಯನ್ನು ಶಿವಲಕ್ಷ್ಮಿ, ಇನ್ನೊಂದು ತುದಿಯನ್ನು ಯುವರಾಜ ಹಿಡಿದು ಅಂಗಳದಲ್ಲಿ ಕೊಡವಿದರು. ಕಸ, ಹಿಕ್ಕೆ, ಕಡ್ಡಿ ಎಲ್ಲ ಉದುರಿತು. ಒಂದೇ ಒಂದು ಎಲೆ ಉದುರಲಿಲ್ಲ. ಮತ್ತೆ ಕೊಡವಿದರು. ಎಲೆ ಅಲ್ಲೇ ಇತ್ತು. ಅದರ ತೊಟ್ಟು ಬಲೆಯ ಕಣ್ಣಿನೊಳಗೆ ತೂರಿ, ಇನ್ನೊಂದು ಕಣ್ಣಿನಿಂದ ಹೊರಗೆ ಬಂದಿತ್ತು.

ಇಬ್ಬರೂ ಎಲೆ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

“ಅಜ್ಜೀ!” ಶಿವಲಕ್ಷ್ಮಿ ಕೂಗಿದಳು. “ನಾಳೆ ಬಲೆ ಬೇಕಾ?”

“ಹುಳಾನೇ ಮೇಲೆ ಹತ್ತಿದ್ಮೇಲೆ ಬಲೆ ಯಾಕೆ? ತೊಳೆದು ಮಡಚಿಡೋದೇಯ.”

“ನಾವೇ ತೊಳಿತೀವಿ! ನಮಗೆ ಕೊಡು! ಮೇಡಂ, ಇದನ್ನ ವರಾಂಡದ ಕಂಬದಿಂದ ಕಂಬಕ್ಕೆ ಕಟ್ಟಿದ್ರೆ? ಗೋಡೆ ಮುಟ್ಟೋದೇ ಬ್ಯಾಡ!”

“ಚಿತ್ರ ಯಾವ್ದರಿಂದ ಸಿಗಿಸೋದು ಶಿವೀ?” ಎಂದಳು ಸಂಧ್ಯಾ.

ಅಜ್ಜಿ ಎದ್ದುಹೋಗಿ ತೆಂಗಿನ ಪೊರಕೆಯಿಂದ ನಾಲ್ಕು ಕಡ್ಡಿ ಕಿತ್ತು ತಂದರು. “ಊಟದೆಲೆಗೆ ಕಡ್ಡಿ ಹಚ್ಚೋದು ನೋಡಿಲ್ವಾ? ಹಿಂಗೆ ಚುಚ್ಚಿ, ಹಿಂಗೆ ತೆಗೆಯೋದು.”

ಆ ಸಂಜೆ ಬಲೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ತೊಳೆದು, ಬೇಲಿಯ ಮೇಲೆ ಹರವಿದರು. ಕಡ್ಡಿಗಳನ್ನು ಚಿಕ್ಕದಾಗಿ ಮುರಿದು ಡಬ್ಬಿ ತುಂಬಿಸಿದರು. ಪೊರಕೆ ಅರ್ಧಕ್ಕರ್ಧ ತೆಳ್ಳಗಾಯಿತು. ಅಮ್ಮ ನೋಡಿಯೂ ನೋಡದ ಹಾಗೆ ಇದ್ದುಬಿಟ್ಟರು.

ಶನಿವಾರ ಬೆಳಿಗ್ಗೆ ಶಾಲೆಯ ವರಾಂಡದಲ್ಲಿ ನೀಲಿ ಬಲೆ ಕಂಬದಿಂದ ಕಂಬಕ್ಕೆ ಬಿಗಿಯಾಗಿ ನಿಂತಿತು. ಚನ್ನಬಸವಯ್ಯ ಸಾರ್ ಬಂದು ಮೊದಲು ಗೋಡೆ ನೋಡಿದರು. ಗೋಡೆ ಕ್ಷೇಮವಾಗಿತ್ತು. ಆಮೇಲೆ ಬಲೆ ನೋಡಿ, ಬೆರಳಿನಿಂದ ಒತ್ತಿ, “ಪರವಾಗಿಲ್ಲವೇ!” ಎಂದರು.

ಶಿವಲಕ್ಷ್ಮಿ ತನ್ನ ಹಳೆಯ ಪ್ಲಾನನ್ನೆಲ್ಲ ಬಿಟ್ಟುಬಿಟ್ಟಿದ್ದಳು. ರಾತ್ರಿ ಮಲಗುವ ಮೊದಲೇ ತೀರ್ಮಾನ ಮಾಡಿಕೊಂಡಿದ್ದಳು. ನಟ್ಟ ನಡುವೆ, ಎಲ್ಲಕ್ಕಿಂತ ಮೇಲೆ, ಯುವರಾಜನ ಚಿತ್ರ. ತನ್ನ ನವಿಲು ಒಂದು ಪಕ್ಕಕ್ಕೆ. ಹಾಗೆ ಮಾಡುವಾಗ ನವಿಲಿನ ಕಡೆ ಎರಡು ಸಲ ತಿರುಗಿ ನೋಡಿದಳು, ಸುಳ್ಳು ಯಾಕೆ. ಆದರೂ ಬೆಂಚಿನ ಮೇಲೆ ಹತ್ತಿ ಕುರಿಗಳ ಚಿತ್ರವನ್ನು ಸಿಗಿಸಿಯೇ ಸಿಗಿಸಿದಳು.

ಯುವರಾಜ ಬಂದು ತಲೆಯೆತ್ತಿ ನೋಡಿದ. “ಶಿವೀ, ನಂದು ಕೆಳಗೆ...”

“ಸುಮ್ಕಿರೋ. ನಿನ್ನೆ ನೀನು ಮೊದ್ಲು ಬರದೇ ಇದ್ದಿದ್ರೆ ಯಾರೂ ಒಳಗೆ ಬರ್ತಿರ್ಲಿಲ್ಲ. ನಿಂದು ಮೇಲೇನೇ!”

“ಅದಲ್ಲ, ನಮ್ಮಜ್ಜಿ...”

“ನಿಮ್ಮಜ್ಜಿ ನೋಡಿ ಖುಷಿ ಪಡ್ತಾರೆ ಬಿಡು!” ಎಂದು ಅವಳು ಮುಂದಿನ ಕಂಬಕ್ಕೆ ಓಡಿದಳು. ಅವಳಿಗೆ ಮನಸ್ಸು ಹಗುರವಾಗಿತ್ತು. ಥ್ಯಾಂಕ್ಸ್ ಎಂದು ಬಾಯಲ್ಲಿ ಹೇಳದಿದ್ದರೇನು, ಎಲ್ಲರಿಗೂ ಕಾಣುವ ಹಾಗೆ ಮೇಲೇ ಸಿಗಿಸಿದ್ದಳು.

ಜನ ಬಂದರು. ಅಪ್ಪ ಅಮ್ಮಂದಿರು, ಅಂಗಡಿಯವರು ಬಂದರು; ಪಕ್ಕದ ಅಮರಾಪುರಕ್ಕೆ ಹೊರಟಿದ್ದವರೂ ಬೈಕ್ ನಿಲ್ಲಿಸಿ ಬಂದರು. ಬಲೆಯ ಹಿಂದಿನಿಂದ ಬೆಳಕು ಬಿದ್ದು ಹಾಳೆಗಳೆಲ್ಲ ಹೊಳೆಯುತ್ತಿದ್ದವು. ಗಾಳಿ ಬಂದರೆ ಎಲ್ಲ ಚಿತ್ರಗಳೂ ಒಟ್ಟಿಗೆ ತೂಗುತ್ತಿದ್ದವು, ಒಂದೂ ಬೀಳುತ್ತಿರಲಿಲ್ಲ. ಅದು ಆಂಧ್ರದ ಗಡಿಯೂರು; ಮಂಡಲ ಕಚೇರಿಯಿಂದ ಬಂದ ಆಫೀಸರು “ಚಾಲಾ ಬಾಗುಂದಿ!” ಎಂದು ತೆಲುಗಿನಲ್ಲಿ ಹೊಗಳಿ ಬಲೆಯ ಫೋಟೋ ತೆಗೆದುಕೊಂಡರು. ತ್ರಿವೇಣಿ ಮೇಡಂ ಶಿವಲಕ್ಷ್ಮಿಯ ಭುಜ ಒತ್ತಿದರು.

ಆಗ ಗೇಟಿನಲ್ಲಿ ಯುವರಾಜ ಕಾಣಿಸಿದ. ಒಬ್ಬ ಮುದುಕಿಯ ಕೈ ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದ. ಅವನ ಅಜ್ಜಿ ಪಾಲಮ್ಮ. ಶಿವಲಕ್ಷ್ಮಿ ಅವರನ್ನು ದೂರದಿಂದ ಕುರಿಗಳ ಹಿಂದೆ ಹೋಗುವಾಗ ನೋಡಿದ್ದಳು. ಹತ್ತಿರದಿಂದ ನೋಡಿದ್ದು ಇದೇ ಮೊದಲು. ಅವರ ಬೆನ್ನು ಪೂರ್ತಿ ಬಾಗಿತ್ತು. ಮುಖ ನೆಲದ ಕಡೆಗೇ ಇತ್ತು. ಎದುರಿಗೆ ಬಂದವರನ್ನು ಅವರು ಚಪ್ಪಲಿ ನೋಡಿ ಗುರುತು ಹಿಡಿದು ಮಾತಾಡಿಸುತ್ತಿದ್ದರು.

“ನಮ್ ಹುಡುಗಂದು ಯಾವ್ದಪ್ಪಾ?” ಎಂದರು ಪಾಲಮ್ಮಜ್ಜಿ, ಬಲೆಯ ಮುಂದೆ ನಿಂತು.

“ಮೇಲೈತೆ ಅಜ್ಜಿ,” ಎಂದ ಯುವರಾಜ.

ಅಜ್ಜಿ ಕೋಲು ಊರಿ, ಸೊಂಟಕ್ಕೆ ಕೈ ಕೊಟ್ಟು, ಮೇಲೆ ನೋಡಲು ಹೋದರು. ಕತ್ತು ಸ್ವಲ್ಪ ಎದ್ದಿತು. ಅಷ್ಟೇ. “ಆಗಲ್ಲ ಬಿಡಪ್ಪ,” ಎಂದು ನಕ್ಕರು. “ಚೆನ್ನಾಗೇ ಇರುತ್ತೆ. ನೀನು ಬರ್ದಿದ್ದಲ್ವಾ?” ಎಂದು ಎದುರಿಗಿದ್ದ ಕೆಳಗಿನ ಸಾಲಿನ ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದರು. ಯಾರ ಯಾರದೋ ಚಿತ್ರಗಳು. ಎಲ್ಲಕ್ಕೂ ಚೆನ್ನಾಗೈತೆ, ಚೆನ್ನಾಗೈತೆ ಎನ್ನುತ್ತಿದ್ದರು.

ಯುವರಾಜ ಅಜ್ಜಿಯ ಕೈ ಹಿಡಿದು ಜೊತೆಗೇ ಸರಿಯುತ್ತಿದ್ದ. ಅವನು ಏನಾದರೂ ಹೇಳಿದ್ದರೆ, ಬೈದಿದ್ದರೆ, ಶಿವಲಕ್ಷ್ಮಿಗೆ ಎಷ್ಟೋ ವಾಸಿಯಿತ್ತು.

ಅವಳು ಬೆಂಚು ಎಳೆದುಕೊಂಡು ಬಂದಳು. ಆಫೀಸರು ಇನ್ನೂ ಅಲ್ಲೇ ನಿಂತಿದ್ದರು. ಅವಳು ಲೆಕ್ಕಿಸಲಿಲ್ಲ. ಮೇಲೆ ಹತ್ತಿ ನಡುವಿನ ಚಿತ್ರವನ್ನು ಬಿಚ್ಚಿದಳು. ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಇಳಿದು, ಎಲ್ಲಕ್ಕಿಂತ ಕೆಳಗೆ, ಪಾಲಮ್ಮಜ್ಜಿಯ ಕಣ್ಣೆದುರಿಗೆ ಅದನ್ನು ಸಿಗಿಸಿದಳು.

“ಇದೇನಮ್ಮ, ನಡುವೆ ಖಾಲಿ?” ಎಂದರು ಹೆಡ್‌ಮಾಸ್ಟರ್.

“ಇರ್ಲಿ ಸಾರ್,” ಎಂದಳು ಶಿವಲಕ್ಷ್ಮಿ.

ಪಾಲಮ್ಮಜ್ಜಿ ನೆಲದ ಮೇಲೆ ಕೂತರು. ಶಿವಲಕ್ಷ್ಮಿಯೂ ಪಕ್ಕದಲ್ಲಿ ಕೂತಳು. ಅಜ್ಜಿಯ ಒರಟು ಬೆರಳು ಹಾಳೆಯ ಮೇಲೆ ಮೆಲ್ಲಗೆ ಸರಿಯಿತು.

“ಅಯ್ಯೋ! ಇದು ಕೆಂಚಿ ಅಲ್ವಾ? ಇದು ನಮ್ ಕುಂಟಿ, ನೋಡು ಹಿಂದ್ಲು ಕಾಲು ಹೆಂಗಿಟ್ಟೈತೆ. ಇದು ಮೊನ್ನೆ ತಂದ ಟಗರು. ಎಲ್ಲಾನೂ ಬರ್ದವ್ನಲ್ಲ! ಇಗೋ ನನ್ ಕೋಲು!”

ಶಿವಲಕ್ಷ್ಮಿ ಚಿತ್ರ ನೋಡಿದಳು. ಆಮೇಲೆ ಅಜ್ಜಿಯ ಬಾಗಿದ ಕತ್ತು ನೋಡಿದಳು. ಕುರಿಗಳ ಹಿಂದೆ ಅಜ್ಜಿ ನಡೆಯುವುದು, ಅವರ ಮುಂದೆ ಧೂಳು, ಧೂಳಿನಲ್ಲಿ ಕಾಲುಗಳು. ತಲೆಗಳು ಮೇಲೆ ಇದ್ದವು, ಯುವರಾಜ ಅಂದಿದ್ದ ಹಾಗೆಯೇ. ಅಜ್ಜಿಗೆ ಅವು ಕಾಣುತ್ತಿರಲಿಲ್ಲ, ಅಷ್ಟೇ.

“ಇದನ್ನ ಇಲ್ಲಿ ಹಾಕಿದ್ದು ಯಾರವ್ವ? ನೀನಾ?” ಪಾಲಮ್ಮಜ್ಜಿ ಅವಳ ಕೆನ್ನೆ ಸವರಿದರು. “ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ. ನಂಗೆ ಕಾಣೋ ಜಾಗದಲ್ಲಿ ಹಾಕ್ದೆ.”

ಶಿವಲಕ್ಷ್ಮಿ ಯುವರಾಜನ ಕಡೆ ನೋಡಿದಳು. ಅವನು ನಗುತ್ತಿದ್ದ. ಹಲ್ಲೆಲ್ಲ ಕಾಣುವ ಹಾಗೆ.

“ನಿಂದು ಯಾವ್ದವ್ವ?” ಎಂದರು ಅಜ್ಜಿ.

“ನಂದು ಅಲ್ಲಿ ಪಕ್ಕದಲ್ಲೈತೆ ಅಜ್ಜಿ. ನವಿಲು. ಸ್ವಲ್ಪ ಮೇಲೈತೆ.”

“ನವಿಲಾ! ನಮ್ ಹೊಲಕ್ಕೆ ದಿನಾ ಬರ್ತವೆ. ಮಣ್ಣಾಗೆ ಹೆಜ್ಜೆ ಮೂಡಿಸ್ಕೊಂಡು ಹೋಗ್ತವೆ. ಕಾಲು ಚೆನ್ನಾಗಿ ಬರ್ದಿದೀಯಾ?”

ಶಿವಲಕ್ಷ್ಮಿಗೆ ಹುಲ್ಲು ನೆನಪಾಯಿತು. ಗರಿಗರಿಗೂ ಅಂಟಿಸಿದ ಜಿಗಿ ನೆನಪಾಯಿತು. ಅವಳಿಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು.

“ಇಲ್ಲ ಅಜ್ಜಿ. ಇನ್ನೂ ಬರೀಬೇಕು.”

ಅವಳು ಎದ್ದುಹೋಗಿ ನವಿಲನ್ನು ಬಲೆಯಿಂದ ಬಿಚ್ಚಿ ತಂದಳು. ನೆಲದ ಮೇಲೆ, ಪಾಲಮ್ಮಜ್ಜಿಯ ಮುಂದೆ ಅದನ್ನು ಹರಡಿ, ಪೆನ್ಸಿಲ್ ಯುವರಾಜನ ಕಡೆ ಚಾಚಿದಳು.

“ಕಾಲು ಹೆಂಗೆ ಬರೀತೀಯೋ? ನಂಗೂ ಹೇಳ್ಕೊಡು.”